ಕೋಡಿ ಕಡೆಯ ಹಸಿರು

ಬೆಳಿಗ್ಗೆ ಎದ್ದ ಕೂಡಲೇ ಅವಳು ಮಾಡುವ ಮೊದಲ ಕೆಲಸ ಚಪ್ಪಲಿಯನ್ನು ಕೈಗೆತ್ತಿಕೊಳ್ಳುವುದು. ಮುಖಕ್ಕೆ ನೀರು ಬಿದ್ದಿರುವುದಿಲ್ಲ, ಒಲೆ ಹೊತ್ತಿರುವುದಿಲ್ಲ, ಗಂಡ ಇನ್ನೂ ಗೊರಕೆ ಹೊಡೆಯುತ್ತಿರುತ್ತಾನೆ. ಹಿತ್ತಲ ಬಾಗಿಲು ತೆರೆದು, ಹದಿನಾರು ಮೆಟ್ಟಿಲು ಇಳಿದು ಏರಿಯ ಬುಡಕ್ಕೆ ಬರುತ್ತಾಳೆ. ಅಲ್ಲಿಂದ ಇನ್ನೂರ ಹತ್ತು ಹೆಜ್ಜೆ ಬರಿಗಾಲಿನಲ್ಲಿ, ಅವಸರವಿಲ್ಲದೆ, ಪಾದವನ್ನು ಪೂರ್ತಿ ಊರಿ ನಡೆಯುತ್ತಾಳೆ. ನಡುಗಲ್ಲು ಬಂದಾಗ ನಿಂತು, ಆಚೆ ಒಮ್ಮೆ ನೋಡಿ, ಮುಖ ತಿರುಗಿಸಿಕೊಂಡು ಹಿಂದಕ್ಕೆ ಬರುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿದ್ದಿಲ್ಲ. ಜ್ವರ ಬಂದಾಗ ಕಂಬಳಿ ಹೊದ್ದು ನಡೆದಿದ್ದಾಳೆ. ಮಗಳ ಮದುವೆಯ ದಿನ ಹೊಸ ಬಟ್ಟೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ನಡೆದಳು. ಕಿಟಕಿಯಿಂದ ನೋಡಿದ ಬೀಗರು ಕಕ್ಕಾಬಿಕ್ಕಿಯಾದರು.

ನಮ್ಮ ಮನೆಗಳ ಮೇಲ್ಗಡೆ ನೀರನ್ನು ಹಿಡಿದು ನಿಲ್ಲಿಸಿರುವುದು ಒಂದು ಹಳೆಯ ಮಣ್ಣಿನ ಕಟ್ಟೆ. ನಾವು ಅದನ್ನು ಏರಿ ಎನ್ನುತ್ತೇವೆ. ಮೂರು ಆಳೆತ್ತರ, ಮೇಲೆ ಒಂದು ಗಾಡಿ ಹೋಗುವಷ್ಟು ದಾರಿ, ನೀರಿನ ಕಡೆ ಕಲ್ಲಿನ ಹೊದಿಕೆ, ನಮ್ಮ ಕಡೆ ಇಳಿಜಾರಿನಲ್ಲಿ ಹುಲ್ಲು. ಒಂದು ತುದಿಯಲ್ಲಿ ಕೋಡಿ, ಅಂದರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋಗುವ ಕಲ್ಲಿನ ದಾರಿ. ನಡುವಿನಿಂದ ಸ್ವಲ್ಪವೇ ಆಚೆಗೆ, ಇನ್ನೊಂದು ತುದಿಯ ಕಡೆಗೆ ತೂಬು, ಅಂದರೆ ಏರಿಯ ಹೊಟ್ಟೆಯೊಳಗಿಂದ ಹಾಯ್ದು ಹೊಲಗಳಿಗೆ ನೀರು ಬಿಡುವ ಕೊಳವೆ. ಈ ಏರಿ ಕಟ್ಟಿದವರ ಮೊಮ್ಮಕ್ಕಳೂ ಈಗ ಬದುಕಿಲ್ಲ. ಬುಡದಲ್ಲಿ ಏಳು ಮನೆ, ಒಂದು ಬಡಗಿ ಶೆಡ್ಡು. ಅದರಾಚೆ ಸಣ್ಣ ದಿಬ್ಬದ ಮೇಲೆ ಶಾಲೆ.

ಏರಿಯ ಚಾಕರಿ ಅವಳ ಅತ್ತೆಯ ಕಾಲದಿಂದ ಆ ಮನೆಯವರದ್ದು. ಹುಲ್ಲು ಕತ್ತರಿಸುವುದು, ಇಲಿ ತೋಡಿದ ಬಿಲಗಳಿಗೆ ಹಸಿಮಣ್ಣು ತುಂಬಿ ಗುದ್ದುವುದು, ಗಿಡ ಬೇರು ಬಿಡುವ ಮೊದಲೇ ಕಿತ್ತು ಹಾಕುವುದು, ಏನಾದರೂ ಕಂಡರೆ ಮೇಲ್ವಿಚಾರಕನಿಗೆ ಹೇಳುವುದು. ಇಬ್ಬರು ಗಂಡುಮಕ್ಕಳ ಮನೆಗಳು ಬೇರೆಯಾದಾಗ ಅತ್ತೆ ಏರಿಯ ನಡುವೆ ಒಂದು ಕಲ್ಲು ನೆಟ್ಟು, ಕೋಡಿ ಕಡೆಯ ಅರ್ಧ ಹಿರಿಸೊಸೆಗೆ, ತೂಬಿನ ಕಡೆಯ ಅರ್ಧ ಕಿರಿಸೊಸೆಗೆ ಎಂದರು. ಅಂದಿನಿಂದ ಒಬ್ಬಳು ಕೋಡಿಯಕ್ಕ, ಇನ್ನೊಬ್ಬಳು ತೂಬಿನಕ್ಕ. ಅವರ ಅಸಲು ಹೆಸರು ಕೇಳಿದರೆ ನಾವೂ ಒಂದು ಕ್ಷಣ ಯೋಚಿಸಬೇಕು.

ಇದು ಕೋಡಿಯಕ್ಕನ ಕಥೆ. ಅವಳೇ ನನಗೆ ಹೇಳಿದ್ದು. ಗಂಡ ಟಾರ್ಪಾಲು ಹೊಲಿಯುವವನು. ಅಂಚು ಮಡಚಿ ಕೊಡುವುದು ಇವಳ ಪಾಲಿನ ಕೆಲಸ. ಮಡಚುತ್ತಾ ಮಡಚುತ್ತಾ, ತಲೆ ಎತ್ತದೆ, ನಾಲ್ಕಾರು ಮಧ್ಯಾಹ್ನಗಳಲ್ಲಿ ಹೇಳಿದಳು. ನಾನು ಎದುರು ಕೂತು ದಾರ ಬಿಡಿಸುತ್ತಿದ್ದೆ.

ಅತ್ತೆ ಬರಿಗಾಲಿನ ನಡಿಗೆ ಕಲಿಸಿದ್ದು ಇವಳೊಬ್ಬಳಿಗೆ. "ಮಣ್ಣಿನ ಏರಿ ಅಂದ್ಮೇಲೆ ಒಂಚೂರು ಜಿನುಗೇ ಜಿನುಗುತ್ತೆ ಕಣೇ, ಅದಕ್ಕೆ ಹೆದರ್ಬೇಡ. ಎಲ್ಲಿ ತಣ್ಣಗಿದೆ, ಎಲ್ಲಿ ಮೆತ್ತಗಿದೆ, ನಿನ್ನೆ ಹೇಗಿತ್ತು, ಇವತ್ತು ಹೇಗಿದೆ, ಅದನ್ನ ಕಾಲಿಗೆ ಕೇಳು. ಬರೋ ನೀರು ತಿಳಿಯಾಗಿದ್ರೆ ಬಂದು ಊಟ ಮಾಡು. ಕದಡಿದ್ರೆ ಮಾತ್ರ ಓಡು. ಮಣ್ಣು ಹೊರಟಿದೆ ಅಂತ ಅರ್ಥ." ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಅತ್ತೆ ಇವಳ ಕೈ ಹಿಡಿದು, "ಚಿಕ್ಕವಳಿಗೂ ಹೇಳ್ಕೊಡು" ಎಂದರು. ಇವಳು ಹೂಂ ಎಂದಳು.

ಹೇಳಿಕೊಡಲಿಲ್ಲ.

"ಯಾಕೆ?" ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. "ಅವಳಿಗೆ ಎಲ್ಲಾ ಇತ್ತು. ಬಣ್ಣ ಇತ್ತು, ಮಾತು ಇತ್ತು. ನನ್ನ ಗಂಡನೂ ಅವಳು ಮಾಡಿದ ಚಹಾ ಕುಡಿದು ಆಹಾ ಅಂದಿದ್ದ. ಇದೊಂದಾದ್ರೂ ನಂಗೇ ಇರ್ಲಿ ಅನ್ನಿಸ್ತು."

ದೇವರು ಕೊಟ್ಟ ಹೊಟ್ಟೆ ಒಂದೇ. ಹಸಿವೂ ಅಲ್ಲೇ, ಕಿಚ್ಚೂ ಅಲ್ಲೇ. ಹಸಿವಾದರೆ ಊಟಕ್ಕೆ ಇಳಿಯುತ್ತದೆ. ಕೋಡಿಯಕ್ಕನ ಹೊಟ್ಟೆಯಲ್ಲಿ ಇನ್ನೊಂದು ಏರುತ್ತಲೇ ಹೋಯಿತು. ಅದಕ್ಕೆ ಕಾರಣ ಹುಲ್ಲು.

ಐದಾರು ವರ್ಷಗಳಿಂದ ತೂಬಿನಕ್ಕನ ಕಡೆಯ ಹುಲ್ಲು ಬೇಸಿಗೆಯಲ್ಲೂ ಒಣಗುತ್ತಿರಲಿಲ್ಲ. ಇವಳ ಕಡೆ ಚಳಿಗಾಲ ಮುಗಿಯುವುದರೊಳಗೆ ಹಳೆಯ ಚಾಪೆಯ ಬಣ್ಣ. ಅವಳ ಕಡೆ ತೂಬಿನ ಆಚೀಚೆ ಐವತ್ತೈವತ್ತು ಹೆಜ್ಜೆ, ಕಣ್ಣಿಗೆ ತಂಪಾದ ಎಳೆಹಸಿರು. ಇವಳೂ ಅಷ್ಟೇ ಕತ್ತರಿಸುತ್ತಿದ್ದಳು, ಅಷ್ಟೇ ಕಳೆ ಕೀಳುತ್ತಿದ್ದಳು, ಹೇಳಬೇಕೆಂದರೆ ಅವಳಿಗಿಂತ ಹೆಚ್ಚು. ಏರಿಯ ಕೆಳಗಿದ್ದ ತೂಬಿನಕ್ಕನ ಹಿತ್ತಲಲ್ಲಿ ಸೌತೆಬಳ್ಳಿಯೂ ಕೇಳುವವರಿಲ್ಲದೆ ಹಬ್ಬಿತ್ತು. ಅವಳು ಬುಟ್ಟಿ ತುಂಬಾ ಕಾಯಿ ತಂದು, "ಅಕ್ಕ, ತಗೊಳ್ಳಿ, ನಾನೇನೂ ಮಾಡೇ ಇಲ್ಲ, ಅದಾಗೇ ಬಿಡ್ತಿದೆ" ಎನ್ನುತ್ತಿದ್ದಳು. ಆ 'ಏನೂ ಮಾಡೇ ಇಲ್ಲ' ಎಂಬುದು ಇವಳಿಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಅದು ಅಕ್ಷರಶಃ ನಿಜವೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಮೇಲ್ವಿಚಾರಕ ವರ್ಷಕ್ಕೆರಡು ಸಲ ಮೋಟರ್ ಸೈಕಲ್ಲಿನಲ್ಲಿ ಬರುತ್ತಿದ್ದ. ಇಳಿಯುತ್ತಲೂ ಇರಲಿಲ್ಲ, ಏರಿಯ ಮೇಲೆ ಒಂದು ಕಾಲೂರಿ ನಿಂತು ನೋಡುತ್ತಿದ್ದ. "ನೋಡ್ರೀ ಕೋಡಿಯಕ್ಕ, ಏರಿ ಅಂದ್ರೆ ಹಾಗಿರ್ಬೇಕು. ನಿಮ್ದು ಏನಿದು, ಬೋಳುತಲೆ ಬೋಳುತಲೆ!" ಎಂದು ತನ್ನ ಟೋಪಿ ತೆಗೆದು ತನ್ನದೇ ತಲೆ ತೋರಿಸಿ ನಗುತ್ತಿದ್ದ. ನಾಲ್ಕು ವರ್ಷದ ಹಿಂದೆ ಕಚೇರಿಯಿಂದ ಒಂದು ಜೊತೆ ಗಂಬೂಟು ಬಂತು, ಚೆನ್ನಾಗಿ ನೋಡಿಕೊಂಡವರಿಗೆ ಎಂದು. ಮೊಣಕಾಲಿನವರೆಗೆ ಬರುವ ಕಪ್ಪು ರಬ್ಬರಿನ ಬೂಟು, ಅಂಚಿಗೆ ಹಳದಿ ಪಟ್ಟಿ. ಅದು ತೂಬಿನಕ್ಕನ ಕಾಲು ಸೇರಿತು.

ಅವಳು ಅದನ್ನು ಹಾಕಿಕೊಂಡು ಏರಿಯ ಮೇಲೆ ಚಪಕ್ ಚಪಕ್ ಎಂದು ಬರುವುದು ಇವಳ ಅಡುಗೆಮನೆಗೆ ಕೇಳುತ್ತಿತ್ತು. ಬಾಣಲೆ ತಿಕ್ಕುವ ಕೈ ಗಟ್ಟಿಯಾಗುತ್ತಿತ್ತು. ಒಂದು ದಿನ ಗಂಡ ಹೇಳಿದ: "ಬಾಣಲೆ ತೂತಾಗುತ್ತೆ, ಬಿಡೇ. ಬೂಟು ತಾನೇ, ನಾನೇ ಟಾರ್ಪಾಲಲ್ಲಿ ಒಂದು ಜೊತೆ ಹೊಲಿದು ಕೊಡ್ತೀನಿ."

"ನಿಮ್ಮ ನಾಲಿಗೇನೂ ಸೇರಿಸಿ ಹೊಲ್ಕೊಳ್ಳಿ" ಎಂದಳು.

ಹೀಗಿರುವಾಗ ಈ ವರ್ಷ ಬೇಸಿಗೆಯ ಮೊದಲಲ್ಲಿ ಕಚೇರಿಯಿಂದ ಕಾಗದ ಬಂತು. ಇನ್ನು ಮುಂದೆ ಇಂಥ ಸಣ್ಣ ಕಟ್ಟೆಗೆ ಒಬ್ಬರೇ ಸಾಕು. ಹೊಸದಾಗಿ ಬಂದಿರುವ ಇಂಜಿನಿಯರಮ್ಮ ಬಂದು ಏರಿಯನ್ನು ಪರೀಕ್ಷಿಸುತ್ತಾರೆ. ಎರಡು ಅರ್ಧಗಳನ್ನೂ ನೋಡಿ, ಯಾರನ್ನು ಇಟ್ಟುಕೊಳ್ಳಬೇಕೆಂದು ಬರೆಯುತ್ತಾರೆ. ಮೇಲ್ವಿಚಾರಕ ಕಾಗದ ಓದಿ ಹೇಳಿ, ಕೋಡಿಯಕ್ಕನ ಮುಖ ನೋಡದೆ ಟೋಪಿ ಸರಿಮಾಡಿಕೊಂಡ.

ಅವಳಿಗೆ ಅರ್ಥವಾಯಿತು. ಇಪ್ಪತ್ತೆರಡು ವರ್ಷದ ಕೆಲಸ ಒಂದು ಬಣ್ಣದ ಮೇಲೆ ನಿಂತಿತ್ತು.

ಮರುದಿನದಿಂದ ಅವಳು ನೀರು ಹೊರಲು ಶುರುಮಾಡಿದಳು. ಮಟಮಟ ಮಧ್ಯಾಹ್ನ, ತೂಬಿನಕ್ಕ ಊಟ ಮಾಡಿ ಅಡ್ಡಾಗುವ ಹೊತ್ತು. ಕೋಡಿಯ ಗೋಡೆಯ ಮರೆಯಲ್ಲಿ ನೀರಿಗಿಳಿದು ಎರಡು ಬಕೆಟ್ ತುಂಬಿ, ಏರಿ ಹತ್ತಿ, ಈಚೆ ಇಳಿದು, ನಡುಗಲ್ಲಿನ ಪಕ್ಕದ ಐವತ್ತು ಹೆಜ್ಜೆಗೆ ಚೊಂಬಿನಿಂದ ಎರಚುವುದು. ದಿನಕ್ಕೆ ಇಪ್ಪತ್ತು ಸಲ. ಮೊದಲ ವಾರ ಭುಜ ಎತ್ತಲಾಗಲಿಲ್ಲ. ಎರಡನೇ ವಾರ ಹುಲ್ಲಿನ ಬುಡದಲ್ಲಿ ಚಿಗುರು ಕಂಡಿತು. ಮಗಳು ಮೊದಲ ಸಲ ಹೆಜ್ಜೆ ಇಟ್ಟಾಗಲೂ ಅಷ್ಟು ಖುಷಿಯಾಗಿರಲಿಲ್ಲ ಎಂದು ನನ್ನ ಹತ್ತಿರ ಹೇಳಿ, ನಾಲಿಗೆ ಕಚ್ಚಿಕೊಂಡಳು.

ಆರು ವಾರಕ್ಕೆ ಕೋಡಿ ಕಡೆಯೂ ಹಸಿರಾಯಿತು. ತೂಬಿನಕ್ಕ ನಡುಗಲ್ಲಿನ ಆಚೆಯಿಂದ ನೋಡಿ, "ಅಯ್ಯೋ ಅಕ್ಕ, ಎಷ್ಟು ಚೆನ್ನಾಗ್ ಬಂದಿದೆ! ಏನ್ ಹಾಕಿದ್ರಿ?" ಎಂದಳು.

"ನಾನೇನೂ ಮಾಡೇ ಇಲ್ಲ. ಅದಾಗೇ ಬರ್ತಿದೆ" ಎಂದಳು ಕೋಡಿಯಕ್ಕ. ಆ ರಾತ್ರಿ ಅವಳಿಗೆ ಗಾಢ ನಿದ್ದೆ.

ಇಂಜಿನಿಯರಮ್ಮ ಬಂದದ್ದು ಒಂದು ಗುರುವಾರ. ನಡುವಯಸ್ಸಿನ, ಕಡಿಮೆ ಮಾತಿನ ಹೆಂಗಸು. ಮೇಲ್ವಿಚಾರಕನ ಹಾಗೆ ಮೇಲೆ ನಿಲ್ಲಲಿಲ್ಲ. ಕೆಳಗಿಳಿದು ಬುಡದುದ್ದಕ್ಕೂ ನಡೆದರು. ಕೈಯಲ್ಲಿ ಎದೆಯೆತ್ತರದ ತೆಳ್ಳಗಿನ ಕಬ್ಬಿಣದ ಸರಳು. ತೂಬಿನ ಹತ್ತಿರ ನಿಂತು ಅದನ್ನು ಮಣ್ಣಿಗೆ ಒತ್ತಿದರು. ಸಲೀಸಾಗಿ ಇಳಿಯಿತು, ಒದ್ದೆಯಾಗಿ ಬಂತು. ಹುಬ್ಬು ಗಂಟಿಕ್ಕಿತು. "ಈ ಬಿಸಿಲಲ್ಲಿ ಇಲ್ಲಿ ಯಾಕಿಷ್ಟು ಹಸಿರು?" ಎಂದರು. ಆಮೇಲೆ ನಡುಗಲ್ಲು ದಾಟಿ ಈಚೆ ಬಂದು ಇಲ್ಲೂ ಒತ್ತಿದರು. ಇಲ್ಲೂ ಸಲೀಸು, ಇಲ್ಲೂ ಒದ್ದೆ. ಹುಬ್ಬು ಸಡಿಲವಾಯಿತು.

"ಎರಡೂ ಕಡೆ ಒಂದೇ ಥರ ಇದೆಯಲ್ಲ. ಒಂದು ಜಾಗ ಮಾತ್ರ ಹಸಿರಾಗಿ ಮಿಕ್ಕಿದ್ದು ಒಣಗಿದ್ರೆ ಯೋಚ್ನೆ ಮಾಡ್ಬೇಕಿತ್ತು. ಇದು ಈ ಮಣ್ಣಿನ ಗುಣಾನೇ ಇರ್ಬೇಕು." ಆಮೇಲೆ ಇಬ್ಬರ ಕಡೆಗೂ ತಿರುಗಿ ಕೇಳಿದರು: "ನೀರೇನಾದ್ರೂ ಹಾಕ್ತೀರಾ?"

"ನಾನಿಲ್ಲಮ್ಮ" ಎಂದಳು ತೂಬಿನಕ್ಕ.

"ಏರಿಗೆ ಯಾರಾದ್ರೂ ನೀರು ಹಾಕ್ತಾರಾ ಅಮ್ಮಾ!" ಎಂದು ಕೋಡಿಯಕ್ಕ ನಕ್ಕಳು. ಎಲ್ಲರೂ ನಕ್ಕರು.

ಇಂಜಿನಿಯರಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಕಟ್ಟೆ ಸುಸ್ಥಿತಿಯಲ್ಲಿದೆ. ಸೋಮವಾರ ಮೇಲಿನ ಕಾಲುವೆಯಿಂದ ನೀರು ಬಿಡಬಹುದು, ಕೋಡಿಯ ಮಟ್ಟದವರೆಗೆ ತುಂಬಿಸಬಹುದು. ಆಗ ನೀರಿದ್ದದ್ದು ಅರ್ಧದಷ್ಟು. ಚಾಕರಿಯ ವಿಷಯ ಸೋಮವಾರ ಬಂದಾಗ ಹೇಳುತ್ತೇನೆ ಎಂದರು.

ಶನಿವಾರ ಬೆಳಿಗ್ಗೆ ಕೋಡಿಯಕ್ಕ ಎಂದಿನಂತೆ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟಳು. ಅವಳ ಕಡೆ ಇಲಿಬಿಲ ಮುಚ್ಚಿದ ಒಂದು ಜಾಗ ಇನ್ನೂ ಬೋಳಾಗಿತ್ತು. ಸೋಮವಾರದೊಳಗೆ ಅದೂ ಹಸಿರಾಗಬೇಕು. ನಡುಗಲ್ಲಿನ ಆಚೆ ಹುಲ್ಲು ಬೇರುಸಮೇತ ಕೈಗೆ ಬರುವಷ್ಟು ಹುಲುಸಾಗಿತ್ತು. ಅತ್ತಿತ್ತ ನೋಡಿದಳು. ಓರಗಿತ್ತಿಯ ಮನೆಯ ಬಾಗಿಲು ಇನ್ನೂ ಮುಚ್ಚಿತ್ತು. ಆ ಬೋಳು ಜಾಗಕ್ಕೆ ನೆಡಲು ನಾಲ್ಕು ಹಿಡಿ ಹುಲ್ಲು ಕದಿಯಲೆಂದು, ಕಲ್ಲು ನೆಟ್ಟ ಮೇಲೆ ಮೊಟ್ಟಮೊದಲ ಸಲ, ಅದನ್ನು ದಾಟಿದಳು.

ಮೂವತ್ತು ಹೆಜ್ಜೆಯವರೆಗೆ ನೆಲ ನೆಲದಂತಿತ್ತು. ಆಮೇಲೆ ಅಂಗಾಲು ತಣ್ಣಗಾಯಿತು. ಇನ್ನು ಹತ್ತು ಹೆಜ್ಜೆಗೆ ಮೆತ್ತಗಾಯಿತು. ತೂಬಿನ ಬಾಯಿಯ ಪಕ್ಕಕ್ಕೆ ಬಂದಾಗ ಕಾಲು ಗೆಣ್ಣಿನವರೆಗೆ ಹೂತುಹೋಯಿತು. ಎಳೆದುಕೊಂಡಳು. ಹೆಜ್ಜೆಯ ಗುರುತಿನಲ್ಲಿ ನೀರು ತುಂಬಿಕೊಂಡಿತು. ಬಗ್ಗಿ ನೋಡಿದಳು. ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು. ಸ್ವಲ್ಪ ಮೇಲೆ ಹುಲ್ಲು ಸರಿಸಿದರೆ, ಬೆರಳು ದಪ್ಪದ ತೂತಿನಿಂದ ಸದ್ದಿಲ್ಲದೆ ಬರುತ್ತಿತ್ತು. ತೂತಿನ ಸುತ್ತ ನುಣ್ಣನೆಯ ಮಣ್ಣು ಪುಟ್ಟ ಬಳೆಯ ಹಾಗೆ ಕೂತಿತ್ತು.

"ಆಗ ಮೊದಲು ನಂಗೆ ಏನನ್ನಿಸ್ತು ಗೊತ್ತಾ?" ಎಂದು ಕೋಡಿಯಕ್ಕ ನನ್ನನ್ನು ಕೇಳಿದಳು. ಟಾರ್ಪಾಲು ಮಡಚುವ ಕೈ ನಿಂತಿತ್ತು. "ಖುಷಿ. ದೇವರಾಣೆ ಖುಷಿಯಾಯ್ತು. ಓಹೋ, ಇದಾ ನಿನ್ನ ಹಸಿರು! ನಿನ್ನ ಕೈಗುಣ ಅಲ್ಲ, ಏನೂ ಅಲ್ಲ, ತೂಬು ಒಡೆದು ನೀರು ಬರ್ತಿದೆ! ಆರು ವರ್ಷದಿಂದ ಉರೀತಿದ್ದ ಹೊಟ್ಟೆ ತಣ್ಣಗಾಯ್ತು. ಆಮೇಲೆ ಕೈಕಾಲೂ ತಣ್ಣಗಾಯ್ತು."

ಆ ತೂತಿನಿಂದ ತೂಬಿನಕ್ಕನ ಹಿತ್ತಲಿಗೆ ಇಪ್ಪತ್ತು ಮಾರು. ಅವಳು ಇದರ ಪಕ್ಕದಲ್ಲೇ ದಿನಾ ಓಡಾಡುತ್ತಿದ್ದಳು. ಕಾಲಲ್ಲಿ ಗಂಬೂಟು. ತಣ್ಣಗಿದ್ದದ್ದು, ಮೆತ್ತಗಿದ್ದದ್ದು ಅವಳಿಗೆ ಹೇಗೆ ಗೊತ್ತಾಗಬೇಕು? ಕಾಲಿಗೆ ಕೇಳು ಎಂದು ಅವಳಿಗೆ ಹೇಳಿದವರಾದರೂ ಯಾರು?

ಕೋಡಿಯಕ್ಕ ಓಡಿದಳು. ಆದರೆ ಓಡುವಾಗಲೂ ಮನಸ್ಸು ಲೆಕ್ಕ ಹಾಕುತ್ತಿತ್ತು: ಅವಳ ಕಡೆಯದ್ದನ್ನು ಹೇಳಿದರೆ ಸಾಕು, ನನ್ನ ಬಕೆಟ್ಟಿನ ವಿಷಯ ಯಾರಿಗೂ ಬೇಕಿಲ್ಲ. ಮೇಲ್ವಿಚಾರಕ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಅರ್ಧ ಮುಖದ ನೊರೆಯಲ್ಲೇ ಕೇಳಿ ನಕ್ಕ.

"ಕೋಡಿಯಕ್ಕ, ಸೋಮವಾರ ಒಬ್ಬರ ಹೆಸರು ಬರುತ್ತೆ. ಶನಿವಾರ ನಿಮ್ಮ ಓರಗಿತ್ತಿ ಕಡೆ ಏರಿ ಒಡೆದೋಯ್ತು. ನಾನೇನು ನಿನ್ನೆ ಮೊನ್ನೆ ಹುಟ್ಟಿದವನಾ?"

"ಬಂದು ನೋಡಿ ಸಾರ್. ಕದಡಿದ ನೀರು ಬರ್ತಿದೆ."

"ನೋಡಾಯ್ತಲ್ಲ ಮೊನ್ನೆ, ಇಂಜಿನಿಯರಮ್ಮನೇ ಸರಳು ಹಾಕಿ ನೋಡಿದ್ರು."

ಅವಳು ಬಾಗಿಲು ಬಿಟ್ಟು ಕದಲದಿದ್ದಾಗ ಫೋನು ಹಚ್ಚಿ ಕೊಟ್ಟ. ಇಂಜಿನಿಯರಮ್ಮ ತಾಳ್ಮೆಯಿಂದ ಕೇಳಿದರು. "ನೋಡಿ, ಆ ಜಾಗ ಒದ್ದೆ ಇರೋದು ನಾನೂ ನೋಡಿದ್ದೀನಿ. ನಿಮ್ಮ ಕಡೆಯೂ ಅಷ್ಟೇ ಒದ್ದೆ ಇತ್ತು. ನಿಮ್ಮ ಕಡೆ ತೂಬಿಲ್ಲ, ಕೊಳವೆ ಇಲ್ಲ, ಆದ್ರೂ ಒದ್ದೆ. ಹಾಗಾದ್ರೆ ತೂಬಿನದ್ದೇ ದೋಷ ಅಂತ ಹೇಗೆ ಹೇಳೋದು? ಕದಡಿದೆ ಅಂತೀರಿ, ನೀವು ತುಳಿದಿದ್ದಕ್ಕೂ ಕದಡಿರಬಹುದು. ಸೋಮವಾರ ಬರ್ತೀನಲ್ಲ, ನೋಡೋಣ."

ಮೇಲ್ವಿಚಾರಕ ಉಳಿದರ್ಧ ಮುಖಕ್ಕೆ ಕತ್ತಿ ಹಚ್ಚಿದ. ಕೋಡಿಯಕ್ಕ ಹಿಂದಿರುಗುವ ದಾರಿಯಲ್ಲಿ ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತುಬಿಟ್ಟಳು. ಒಂದು ಜಾಗ ಮಾತ್ರ ಹಸಿರಾಗಿ ಮಿಕ್ಕಿದ್ದು ಒಣಗಿದ್ದರೆ, ಎಂದು ಆ ಹೆಂಗಸು ಗುರುವಾರವೇ ಹೇಳಿದ್ದರು. ಮಿಕ್ಕಿದ್ದು ಒಣಗಿಯೇ ಇತ್ತು. ಒಣಗಲು ಬಿಡದವಳು ಇವಳು. "ಆಚೆ ಕಡೆ ನೀರು ತಾನೇ ಏರಿ ದಾಟಿ ಬರ್ತಿತ್ತು, ಈಚೆ ಕಡೆ ನಾನು ಹೊತ್ತು ದಾಟಿಸ್ತಿದ್ದೆ" ಎಂದಳು ನನಗೆ. "ಎರಡೂ ಒಂದೇ ಥರ ಕಾಣದೆ ಇನ್ನೇನು?"

ಆದರೂ ಆ ಭಾನುವಾರವಿಡೀ ಬಾಯಿ ಬಿಡಲಾಗಲಿಲ್ಲ. ಹೇಳಿದರೆ ಚಾಕರಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಅವಳೆದುರು ಹೇಳಬೇಕಲ್ಲ. ನಿನ್ನ ಹುಲ್ಲು ನೋಡಿ ಹೊಟ್ಟೆ ಉರಿದು ಬಕೆಟ್ ಹೊತ್ತೆ ಎಂದು ಆ ಮುಖ ನೋಡಿಕೊಂಡು ಹೇಳುವುದಕ್ಕಿಂತ ಕೋಡಿಗೆ ಹಾರುವುದು ಸುಲಭ ಎನ್ನಿಸಿತು. ಸಂಜೆ ಏರಿಯ ಮೇಲಿಂದ ನೋಡಿದಳು. ತೂಬಿನಕ್ಕ ಹಿತ್ತಲಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಅವಳ ಬೆನ್ನ ಹಿಂದೆ, ಅವಳ ತಲೆಗಿಂತ ಎತ್ತರದಲ್ಲಿ, ಆ ಹಸಿರು. ಇವಳನ್ನು ಕಂಡು ಬಾಚಣಿಗೆ ಎತ್ತಿ ಕೂಗಿದಳು: "ಅಕ್ಕ, ಸೌತೆಕಾಯಿ ಬೇಕಾ? ಎಸೀಲಾ?"

ಕೋಡಿಯಕ್ಕ ಬೆನ್ನು ತಿರುಗಿಸಿ ಮನೆಗೆ ಬಂದಳು. ಬಕೆಟ್ಟುಗಳನ್ನು ತೊಳೆದು ಬಾಗಿಲ ಬಳಿ ಇಟ್ಟಳು. ಗಂಡ ಅವುಗಳನ್ನು ನೋಡಿದ, ಇವಳನ್ನು ನೋಡಿದ, ಆ ದಿನ ತಮಾಷೆ ಮಾಡಲಿಲ್ಲ. ಅವನಿಗೆ ಮೊದಲಿಂದಲೂ ಗೊತ್ತಿತ್ತು.

ಸೋಮವಾರ ಏರಿಯ ಮೇಲೆ ಇಂಜಿನಿಯರಮ್ಮ, ಮೇಲ್ವಿಚಾರಕ, ತೂಬಿನಕ್ಕ, ಕಾಲುವೆಯ ಬಾಗಿಲೆತ್ತುವ ಚಕ್ರದ ಹತ್ತಿರ ಅವಳ ಗಂಡ. ಕೋಡಿಯಕ್ಕ ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ಬಂದಳು.

"ಏನತ್ತಿಗೇ, ಕೆರೇನೆಲ್ಲಾ ಮನೆಗೆ ಹೊತ್ಕೊಂಡು ಹೋಗ್ತೀರಾ?" ಎಂದ ಮೈದುನ.

"ಚಕ್ರ ಮುಟ್ಬೇಡಪ್ಪ" ಎಂದಳು. ಆಮೇಲೆ ಇಂಜಿನಿಯರಮ್ಮನ ಕಡೆ ತಿರುಗಿದಳು. "ಅಮ್ಮ, ಗುರುವಾರ ನಾನು ಸುಳ್ಳು ಹೇಳ್ದೆ. ನನ್ನ ಕಡೆ ಹಸಿರು ನಾನು ಹೊತ್ತಿದ್ದು. ಆರು ವಾರ, ದಿನಕ್ಕೆ ನಲವತ್ತು ಬಕೆಟ್. ನನ್ನ ಕಡೆ ಮಣ್ಣು ಒಣ ಮಣ್ಣಮ್ಮ. ಒದ್ದೆ ಇರೋದು ತೂಬಿನ ಕಡೆ ಒಂದೇ."

ಮೇಲ್ವಿಚಾರಕ ಹೋ ಎಂದು ನಕ್ಕ. "ನಾನು ಹೇಳ್ಲಿಲ್ವಾ, ಓರಗಿತ್ತಿಯರ ಪಂದ್ಯ!"

ತೂಬಿನಕ್ಕ ನಗಲಿಲ್ಲ. "ಯಾಕಕ್ಕ ಹೊತ್ರಿ?" ಎಂದಳು.

"ಯಾಕೆ ಅಂದ್ರೆ? ನಿಂದು ಹಸಿರಾಗಿತ್ತಲ್ಲೇ, ಅದಕ್ಕೆ!" ಕೋಡಿಯಕ್ಕ ಬಕೆಟ್ಟುಗಳನ್ನು ಕೆಳಗಿಟ್ಟಳು. "ನಿಂದು ಹಸಿರಾಗಿತ್ತು, ನಿಂಗೆ ಬೂಟು ಸಿಕ್ತು, ನಿನ್ನ ಸೌತೆಕಾಯಿ ಅಷ್ಟುದ್ದ. ಇನ್ನೇನ್ ಹೇಳ್ಲಿ? ಅತ್ತೆ ನಿಂಗೆ ಬರಿಗಾಲಲ್ಲಿ ನಡೆಯೋದು ಹೇಳ್ಕೊಡು ಅಂದಿದ್ರು. ಅದನ್ನೂ ಹೇಳ್ಕೊಡ್ಲಿಲ್ಲ."

ಇಂಜಿನಿಯರಮ್ಮ ಪುಸ್ತಕ ತೆರೆದು, ಡಾಕ್ಟರು ರೋಗಿಯನ್ನು ಕೇಳುವ ಹಾಗೆ ಕೇಳಿದರು. ಎಲ್ಲಿಂದ ಎಲ್ಲಿಯವರೆಗೆ ಹಾಕಿದಿರಿ? ಕೊನೆಗೆ ಹಾಕಿದ್ದು ಯಾವಾಗ? ಕೋಡಿಯಕ್ಕ ತೋರಿಸಿದಳು, ಬಕೆಟ್ ಹೊತ್ತು ಹತ್ತಿಳಿದ ಜಾಡು ಹುಲ್ಲಿನಲ್ಲಿ ಸ್ಪಷ್ಟವಾಗಿ ಬಿದ್ದಿತ್ತು. ನಾಲ್ಕು ದಿನ ನೀರಿಲ್ಲದೆ ಅವಳ ಹಸಿರು ಆಗಲೇ ತುದಿಯಲ್ಲಿ ಹಳದಿಯಾಗುತ್ತಿತ್ತು. ತೂಬಿನ ಕಡೆಯದ್ದು ಹಾಗೆಯೇ ಮಿನುಗುತ್ತಿತ್ತು.

ಇಂಜಿನಿಯರಮ್ಮ ಪುಸ್ತಕ ಮುಚ್ಚಿ, ಬಗ್ಗಿ, ತಮ್ಮ ಷೂ ಕಳಚಿದರು. "ನೀವು ಶನಿವಾರ ನಡೆದ ಹಾಗೇ ನಡೀರಿ. ನಾನು ಹಿಂದೆ ಬರ್ತೀನಿ" ಎಂದರು. ಮೇಲ್ವಿಚಾರಕನ ನಗು ಅಲ್ಲಿಗೆ ನಿಂತಿತು.

ಶನಿವಾರ ಬೆರಳು ದಪ್ಪವಿದ್ದ ತೂತು ಈಗ ಹೆಬ್ಬೆರಳು ದಪ್ಪ. ಇಂಜಿನಿಯರಮ್ಮ ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ಕಲ್ಲಿನ ಮೇಲಿಟ್ಟರು. ಹತ್ತು ನಿಮಿಷಕ್ಕೆ ತಳದಲ್ಲಿ ಉಗುರು ದಪ್ಪ ಮಣ್ಣು ಕೂತಿತು. ಯಾರೂ ತುಳಿದು ಕದಡಿದ ನೀರಲ್ಲ ಅದು.

ಕಾಲುವೆಯ ಚಕ್ರಕ್ಕೆ ಬೀಗ ಬಿತ್ತು. ತೂತಿನ ಮೇಲೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಕಲ್ಲು ಹೇರಿದರು; ನೀರು ಬರಲಿ, ಮಣ್ಣು ಬಾರದಿರಲಿ ಎಂದು. ತೂಬನ್ನು ತೆರೆಯುವಂತಿರಲಿಲ್ಲ, ಕಾಯಿಲೆ ಬಿದ್ದದ್ದೇ ಅದು. ಏರಿಯ ತಲೆಯ ಮೇಲಿಂದ ದಪ್ಪ ಕೊಳವೆಗಳನ್ನು ಹಾಕಿ ನೀರನ್ನು ಎಳೆದು ಹೊರಗೆ ಬಿಟ್ಟರು. ಅದೂ ದಿನಕ್ಕೆ ಇಷ್ಟೇ ಎಂದು. ದಡಬಡಿಸಿ ಇಳಿಸಿದರೆ ನೆನೆದ ಮಣ್ಣು ನೀರಿನ ಕಡೆಯಿಂದ ಕುಸಿಯುತ್ತದಂತೆ. ಬುಡದ ಏಳು ಮನೆಯವರನ್ನು ಎಬ್ಬಿಸಿ ಶಾಲೆಗೆ ಕಳಿಸಿದರು. ತೂಬಿನಕ್ಕ ಮಾತ್ರ ಶಾಲೆಗೆ ಹೋಗದೆ ಗಂಟುಮೂಟೆ ಸಮೇತ ಮೆಟ್ಟಿಲು ಹತ್ತಿ, ಎತ್ತರದಲ್ಲಿದ್ದ ಕೋಡಿಯಕ್ಕನ ಬಾಗಿಲಿಗೆ ಬಂದಳು.

"ಎಲ್ಲಿ ಮಲಗ್ಲಿ ಅಕ್ಕ?" ಎಂದಳು, ಏನೂ ಆಗಿಲ್ಲವೆನ್ನುವ ಹಾಗೆ.

ಇಪ್ಪತ್ತು ದಿನ ಇದ್ದಳು. ಆ ಇಪ್ಪತ್ತು ದಿನದ ಕಷ್ಟವನ್ನು ಕೋಡಿಯಕ್ಕ ನನಗೆ ಹೇಳಿದ್ದು ಏರಿಯ ವಿಷಯಕ್ಕಿಂತ ಹೆಚ್ಚು. "ನನ್ನ ಬಾಣಲೆ ತಿಕ್ಕಿಟ್ಲು. ಮುಖ ಕಾಣುತ್ತೆ ಅದ್ರಲ್ಲಿ! ನಾನು ಹದಿನೈದು ವರ್ಷ ತಿಕ್ಕಿದ್ದೀನಿ, ಯಾವತ್ತಾದ್ರೂ ಮುಖ ಕಂಡಿತ್ತಾ? ನನ್ನ ಗಂಡ ಅವಳ ಚಹಾ ಕುಡಿದು ಮತ್ತೆ ಆಹಾ ಅಂದ. ಹಾಳಾದೋಳು, ಬೈಯೋಣ ಅಂದ್ರೆ ಒಂದು ತಪ್ಪೂ ಮಾಡಲ್ಲ." ಬಕೆಟ್ಟಿನ ವಿಷಯ ಓರಗಿತ್ತಿ ಒಂದು ದಿನವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಕೋಡಿಯಕ್ಕನ ಸಂಕಟ. ಅವಳ ಒಳ್ಳೆಯತನದ ಮೇಲೂ ಇವಳಿಗೆ ಕಿಚ್ಚು.

ಮೂರನೇ ದಿನ ಬೆಳಿಗ್ಗೆ ಚಪ್ಪಲಿ ಕೈಗೆತ್ತಿಕೊಂಡಾಗ ಹಿಂದಿನಿಂದ, "ನಾನೂ ಬರ್ಲಾ ಅಕ್ಕ?" ಎಂಬ ಧ್ವನಿ ಕೇಳಿತು.

"ಬಾ. ಬೂಟು ಬೇಡ."

ಹಾಗೆ, ಅತ್ತೆ ಹೇಳಿ ಹದಿನಾಲ್ಕು ವರ್ಷಕ್ಕೆ, ಅವಳು ಕಲಿಸಿದಳು. ಚಿಕ್ಕವಳು ಒಂದೇ ವಾರದಲ್ಲಿ ಕಲಿತಳು. ಅದನ್ನೂ ಸಹಿಸಲಾಗಲಿಲ್ಲ ಇವಳಿಗೆ.

ನೀರು ಇಳಿದ ಮೇಲೆ ತೂಬಿನ ಜಾಗವನ್ನು ಬಗೆದರು. ಊರೆಲ್ಲ ನೋಡಲು ಹೋಯಿತು, ನಾನೂ ಹೋಗಿದ್ದೆ. ಹಳೆಯ ಸುಟ್ಟಮಣ್ಣಿನ ಕೊಳವೆಯ ಎರಡು ತುಂಡುಗಳು ಸೇರುವಲ್ಲಿ ಬಿಟ್ಟುಹೋಗಿದ್ದವು. ಬಿಟ್ಟ ಜಾಗದ ಸುತ್ತ ಮಣ್ಣು ಕರಗಿ ಕರಗಿ, ಒಬ್ಬ ಮನುಷ್ಯ ಮೊಣಕಾಲು ಮಡಚಿ ಕೂರುವಷ್ಟು ಪೊಳ್ಳು. ಅದರ ಮೇಲೆ ಹುಲ್ಲು ಎಳೆಹಸಿರಾಗಿ ತೂಗುತ್ತಿತ್ತು. ಅರ್ಧ ನೀರಿಗೇ ಹೀಗಾಗಿದ್ದರೆ ತುಂಬಿದ್ದಾಗ ಏನಾಗುತ್ತಿತ್ತು ಎಂದು ಬಡಗಿ ಕೇಳಿದ. ಇಂಜಿನಿಯರಮ್ಮ ಏಳು ಮನೆಗಳ ಕಡೆ ಒಮ್ಮೆ ನೋಡಿದರು. ನಾನು ಅಲ್ಲೇ ನಿಂತು ಕಣ್ಣು ಮುಚ್ಚಿ ದೇವರಿಗೆ ಹೇಳಬೇಕಾದ್ದನ್ನು ಹೇಳಿದೆ.

ಹೊಸ ಕೊಳವೆ ಬಂತು. ಅದರ ಸುತ್ತ ಜೇಡಿಮಣ್ಣನ್ನು ಪದರ ಪದರವಾಗಿ ಗುದ್ದಿ ಕೂರಿಸಿದರು. ವರದಿಯಲ್ಲಿ ಇಂಜಿನಿಯರಮ್ಮ ನಡೆದದ್ದನ್ನೆಲ್ಲ ಬರೆದರು: ಸೋರಿಕೆ ಕಂಡುಹಿಡಿದವರು ಯಾರು, ಅದು ಮೊದಲೇ ಕಾಣದಂತೆ ಮಾಡಿದವರು ಯಾರು. ಎರಡೂ ಕಡೆ ಒಬ್ಬಳದ್ದೇ ಹೆಸರು. ಪರೀಕ್ಷೆಯಲ್ಲಿ ಸುಳ್ಳು ಹೇಳಿದವರನ್ನು ಕಚೇರಿ ಇಟ್ಟುಕೊಳ್ಳುವುದಿಲ್ಲ. ಇಡೀ ಏರಿಯ ಚಾಕರಿ ತೂಬಿನಕ್ಕನಿಗೆ ಹೋಯಿತು. ಇಂಜಿನಿಯರಮ್ಮ ಹೋಗುವ ದಿನ ಕೋಡಿಯಕ್ಕನ ಮನೆಗೆ ಬಂದು, ಕುರ್ಚಿಯಲ್ಲಿ ಕೂತು, ಒಂದು ಲೋಟ ನೀರು ಕುಡಿದು, "ನಿಮ್ಮಿಂದ ಒಂದು ಕಲಿತೆ" ಎಂದರಂತೆ. ಅದು ಏನೆಂದು ಇವಳು ಕೇಳಲಿಲ್ಲ. "ಕೇಳಿದ್ರೆ ಅಳು ಬರ್ತಿತ್ತು. ಬಂದವರ ಮುಂದೆ ಯಾಕೆ?" ಎಂದಳು.

ಈಗ ನಡುಗಲ್ಲು ಇಲ್ಲ. ಕೆಲಸದವರು ಬಗೆಯುವಾಗ ಕಿತ್ತು ಪಕ್ಕಕ್ಕೆ ಹಾಕಿದ್ದನ್ನು ಯಾರೂ ಮತ್ತೆ ನೆಡಲಿಲ್ಲ. ಕೋಡಿಯಕ್ಕ ಬೆಳಿಗ್ಗೆ ಚಪ್ಪಲಿ ಕೈಯಲ್ಲಿ ಹಿಡಿದು ಈಗಲೂ ನಡೆಯುತ್ತಾಳೆ. ಇನ್ನೂರ ಹತ್ತಲ್ಲ, ನಾನೂರ ಇಪ್ಪತ್ತು ಹೆಜ್ಜೆ. ಯಾರೂ ಅವಳಿಗೆ ಹೇಳಿಲ್ಲ, ಯಾರೂ ಬೇಡವೆಂದೂ ಇಲ್ಲ. ಆಚೆ ತುದಿಯಿಂದ ತೂಬಿನಕ್ಕ ಬರುತ್ತಾಳೆ. ನಡುವೆ ಎದುರಾದಾಗ ಒಬ್ಬಳು "ಒಣಗಿದೆ" ಎನ್ನುತ್ತಾಳೆ, ಇನ್ನೊಬ್ಬಳು "ಈ ಕಡೆಯೂ" ಎನ್ನುತ್ತಾಳೆ. ಬೇಸಿಗೆ ಮುಗಿಯುತ್ತ ಬಂದಿರುವ ಈಗ ಏರಿ ಈ ತುದಿಯಿಂದ ಆ ತುದಿಗೆ ಹಳೆಯ ಚಾಪೆಯ ಬಣ್ಣ. ತೂಬಿನಕ್ಕನ ಸೌತೆಬಳ್ಳಿಯೂ ಸೊರಗಿದೆ. ಅದೊಂದು ಸಮಾಧಾನ ಎಂದು ಕೋಡಿಯಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

ಮೊನ್ನೆ ನಾನು ಅಲ್ಲಿ ಕೂತಿದ್ದಾಗಲೇ ತೂಬಿನಕ್ಕ ಬಂದಳು, ಬರಿಗಾಲಲ್ಲಿ. ಕೈಯಲ್ಲಿ ಆ ಗಂಬೂಟು. ತೊಳೆದು, ಎಣ್ಣೆ ಹಚ್ಚಿ, ಹಳದಿ ಪಟ್ಟಿ ಫಳಫಳ ಎನ್ನುವ ಹಾಗೆ ಒರೆಸಿ ತಂದಿದ್ದಳು. ಟಾರ್ಪಾಲಿನ ಪಕ್ಕ ಜೋಡಿಸಿ ಇಟ್ಟಳು.

"ಅಕ್ಕ, ಇದು ನೀವಿಟ್ಕೊಳ್ಳಿ. ನಂಗಿನ್ನು ಬೇಡ. ಮಳೆಗಾಲದಲ್ಲಿ ಹಿತ್ತಲಿಗೆ ಹೋಗೋಕಾದ್ರೂ ಆಗುತ್ತೆ."

ಕೋಡಿಯಕ್ಕನ ಕೈ ಅಂಚು ಮಡಚುವುದನ್ನು ನಿಲ್ಲಿಸಿತು. ಬೂಟುಗಳನ್ನು ನೋಡಿದಳು. ನಾಲ್ಕು ವರ್ಷ ಅಡುಗೆಮನೆಯಿಂದ ಅದರ ಸದ್ದು ಕೇಳಿದ್ದವಳು, ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಂದು ಬೆರಳಿನಿಂದ ಹಳದಿ ಪಟ್ಟಿಯನ್ನು ಸವರಿದಳು. ಒಳಗೆ ಇಣುಕಿದಳು. ಆಮೇಲೆ ಎರಡನ್ನೂ ತಿರುಗಿಸಿ, ಮೂತಿ ಬಾಗಿಲ ಕಡೆ ಮಾಡಿ, ಓರಗಿತ್ತಿಯ ಕಾಲ ಬಳಿಗೆ ತಳ್ಳಿದಳು.

"ಬೇಡ ಕಣೇ, ತಗೊಂಡು ಹೋಗು" ಎಂದಳು. "ಇದನ್ನ ಹಾಕ್ಕೊಂಡ್ರೆ ಕಾಲು ಕಿವುಡಾಗುತ್ತೆ. ಅದೂ ಅಲ್ದೆ ನಿನ್ನ ಪಾದ ನೋಡು, ದೋಣಿ! ಇದರೊಳಗೆ ನಮ್ಮಂಥವರು ಇಬ್ಬರು ನಿಲ್ಲಬಹುದು."